ಖಾಲಿ ಮೂಲೆಗೆ ಕೂಡಿಸಿರಿ

ಆ ಊರಿಗೆ ಹೆಸರಿರಲಿಲ್ಲ. ಹೆಸರಿಟ್ಟರೆ ಎದುರಿಗೆ ಅದೇ ಹೆಸರಿನ ಇನ್ನೊಂದು ಊರು ಕಟ್ಟಬೇಕಾದೀತು ಎಂಬ ಹೆದರಿಕೆಗೆ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಊರೆಂದರೆ ಒಂದೇ ಬೀದಿ. ಈಚೆಗೊಂದು ಸಾಲು ಮನೆ, ಆಚೆಗೊಂದು ಸಾಲು ಮನೆ, ನಡುವೆ ಬೀದಿಯುದ್ದಕ್ಕೂ ಎರಡು ಕಲ್ಲಿನ ಗೆರೆ, ಒಂದರ ಪಕ್ಕ ಒಂದು. ಆ ಜೋಡಿಗೆರೆಯನ್ನು ಯಾರೂ ದಾಟುತ್ತಿರಲಿಲ್ಲ. ಊರಿಗಿದ್ದದ್ದು ಒಂದೇ ಕಟ್ಟಳೆ: ಈಚೆ ಮನೆಗೆ ಏನು ಬಂತೋ ಅದು ಎದುರು ಮನೆಗೂ ಬರಬೇಕು, ಈಚೆ ಮನೆಯಿಂದ ಏನು ಹೋಯಿತೋ ಅದು ಎದುರು ಮನೆಯಿಂದಲೂ ಹೋಗಬೇಕು. ಇದನ್ನು ಕಾಯಲು ಕಾವಲುಗಾರ ಬೇಕಿರಲಿಲ್ಲ. ಒಂದು ಕಡೆಯದು ಮಾತ್ರ ಬರಹೊರಟರೆ, ಎದುರು ಕಡೆಗೂ ಅಷ್ಟೇ ಬರುವವರೆಗೆ, ಅದು ಹೊಸ್ತಿಲ ಮೇಲೇ ನಿಂತುಬಿಡುತ್ತಿತ್ತು. ಒಬ್ಬರ ಮನೆಯಲ್ಲಿ ಹೋಳಿಗೆಯಾದರೆ ಎದುರು ಮನೆಯವರು ಅಜೀರ್ಣವಾಗಿದ್ದರೂ ಹೋಳಿಗೆ ಮಾಡಬೇಕು, ಇಲ್ಲದಿದ್ದರೆ ಇವರ ಬೆಲ್ಲ ಹೊಸ್ತಿಲು ದಾಟದು. ಹೊರಗಿನವರು ಕೇಳಿದರೆ ನಕ್ಕಾರು. ಆದರೆ ಹೊರಗಿನವರು ಅಲ್ಲಿಗೆ ಬರುವಂತಿರಲಿಲ್ಲ, ಒಳಗಿನವರು ಹೊರಗೆ ಹೋಗುವಂತಿರಲಿಲ್ಲ.

ಮನೆಗಳೆಲ್ಲ ಒಂದೇ ಅಚ್ಚಿನವು. ನಡುವೆ ನಡುಮನೆ, ಎಷ್ಟುದ್ದವೋ ಅಷ್ಟೇ ಅಗಲ. ಅದಕ್ಕೆ ಅಂಟಿಕೊಂಡು ಎರಡು ಪಡಸಾಲೆ: ಒಂದು ಬೀದಿಯ ಕಡೆಗೆ, ಇನ್ನೊಂದು ಪಕ್ಕಕ್ಕೆ. ಮೊದಲು ಅದು ಒಂದೇ ದೊಡ್ಡ ಪಡಸಾಲೆಯಾಗಿತ್ತಂತೆ, ಊರು ಕಟ್ಟಿದ ಮೂಲಪುರುಷ ಅದನ್ನು ಸರಿಯಾಗಿ ಎರಡು ಪಾಲು ಮಾಡಿ ಎರಡು ಬದಿಗೆ ಹಚ್ಚಿದನಂತೆ. ಯಾಕೆ ಎಂದು ಯಾರೂ ಕೇಳಿಲ್ಲ. ಹಾಗೆ ಮಾಡಿದ್ದರಿಂದ, ಎರಡು ಪಡಸಾಲೆಗಳು ಸೇರಬೇಕಾದ ಕಡೆ, ಬೀದಿಗೆ ಮುಖಮಾಡಿ, ಒಂದು ಮೂಲೆ ಖಾಲಿ ಉಳಿಯಿತು. ಹಾಸುಗಲ್ಲಿಲ್ಲ, ಮೇಲೆ ಸೂರಿಲ್ಲ, ಬರೀ ಮಣ್ಣು. ಆ ಒಂದು ಮೂಲೆಯಿಂದಾಗಿ ಯಾವ ಮನೆಯೂ ಚೌಕವಾಗಿರಲಿಲ್ಲ.

ಮನೆಯ ಹಿಂಗೋಡೆಯೇ ಊರಗೋಡೆ. ಪಕ್ಕದ ಪಡಸಾಲೆ ಹೋಗಿ ಆ ಗೋಡೆಗೆ ಮುಟ್ಟುವ ಕಡೆ ಮನೆಗೊಂದು ಬಾಗಿಲಿತ್ತು. ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ಮೂಲಪುರುಷ ಕೆತ್ತಿಸಿದ ಮೂರು ಸಾಲು ಇದ್ದವು.

ಖಾಲಿ ಮೂಲೆಗೆ ಕೂಡಿಸಿರಿ.
ಎರಡೂ ಕಡೆ ಕೂಡಿಸಿರಿ.
ಮೂಲ ಹೇಳಿದರೆ ಬಾಗಿಲು.

ಊರಿನವರು ಭಯಭಕ್ತಿಯ ಜನ. ಓದಿದರು, ತಲೆದೂಗಿದರು, ಕೂಡಿಸಿದರು. ಗಣಪತಿಯನ್ನು ಕೂಡಿಸುವುದಿಲ್ಲವೇ, ಮದುಮಗಳನ್ನು ಹಸೆಯ ಮೇಲೆ ಕೂಡಿಸುವುದಿಲ್ಲವೇ, ಹಾಗೆ ಮನೆಯ ಹೆಣ್ಣುಮಗಳೊಬ್ಬಳನ್ನು ಖಾಲಿ ಮೂಲೆಗೆ ಕೂಡಿಸಿದರು. ಎರಡೂ ಕಡೆ ಕೂಡಿಸಿದರು. ಕೂತವಳು ಏಳದಿರಲೆಂದು, ಮಡಿಲು ತುಂಬುವ ನೆವದಲ್ಲಿ ಅವಳ ತೊಡೆಯ ಮೇಲೆ ಮೊಳ ಉದ್ದ ಮೊಳ ಅಗಲದ ಒಂದು ಹಾಸುಗಲ್ಲು ಇಟ್ಟರು. ಬಾಗಿಲು ತೆರೆಯಲಿಲ್ಲ. ಕೂತವಳ ಮನಸ್ಸು ಶುದ್ಧವಿರಲಿಕ್ಕಿಲ್ಲ ಎಂದುಕೊಂಡರು. ಅವಳು ಹೋದ ಮೇಲೆ ಇನ್ನೊಬ್ಬಳನ್ನು ಕೂಡಿಸಿದರು.

ಮೂರನೆಯ ಸಾಲಿನ ತಂಟೆಗೆ ಯಾರೂ ಹೋಗಲಿಲ್ಲ. ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರಲ್ಲ, ಆ ಊರಿನವರು ಅದಕ್ಕೆ ಮನೆಮೂಲವನ್ನೂ ಸೇರಿಸಿಕೊಂಡಿದ್ದರು. ಮನೆಗೆ ನಲವತ್ತು ಹಾಸುಗಲ್ಲು ಎಂಬುದು ಕೂಸಿಗೂ ಗೊತ್ತು. ಚೌಕದ ಮೂಲವೆಂದರೆ ಅದರ ಬದಿ; ಆ ಬದಿಗೆ ಎಷ್ಟು ಕಲ್ಲು ಎಂದರೆ ಮುಖ ತಿರುಗಿಸುತ್ತಿದ್ದರು. ನೆಲಕ್ಕೆ ಸಗಣಿ ಸಾರಿಸಿ ಸಾರಿಸಿ ಕಲ್ಲಿನ ಸಂದುಗಳೇ ಮುಚ್ಚಿಹೋಗಿದ್ದವು. ಒಂದು ಕಾಲಕ್ಕೆ ಯಾರೋ ಒಬ್ಬ ಜಾಣ, ಪಡಸಾಲೆಗಳನ್ನೇ ಕಿತ್ತೊಗೆದರೆ ಉಳಿದದ್ದು ಚೌಕವಾಗುತ್ತದಲ್ಲ ಎಂದು ಕೀಳಲು ಹೊರಟ. ಕಿತ್ತ ಕಲ್ಲನ್ನು ಇಡಲು ಊರಿನಲ್ಲಿ ಜಾಗವಿಲ್ಲದೆ ಸಂಜೆಯೊಳಗೆ ತಾನೇ ಮತ್ತೆ ಹಾಸಿದ. ಎದುರು ಮನೆಯವನು ಸುಮ್ಮಸುಮ್ಮನೆ ಅವನ ಜೊತೆ ಕಿತ್ತು, ಅವನ ಜೊತೆ ಹಾಸಿ, ಸೊಂಟ ಹಿಡಿಸಿಕೊಂಡ.

ಇನ್ನೊಂದು ಶಬ್ದಕ್ಕೂ ಅಲ್ಲಿ ಬಾಯಿಕಟ್ಟು. 'ಏಳು' ಎಂಬ ಮಾತು ಮೂಲೆಯಲ್ಲಿ ಕೂತವಳ ಕಿವಿಗೆ ಬೀಳಬಾರದು. ಬಿದ್ದರೆ ಅವಳು ಎದ್ದುಬಿಟ್ಟಾಳು. ಹೀಗಾಗಿ ಎಣಿಸುವಾಗ ಸಹ 'ಐದು, ಆರು, ಆಮೇಲಿನದು, ಎಂಟು' ಎಂದೇ ಎಣಿಸುತ್ತಿದ್ದರು. ಬೆಳಗಾದರೆ ತಾಯಂದಿರು ಮಕ್ಕಳನ್ನು ಮಾತಿಲ್ಲದೆ ಕಾಲು ಹಿಡಿದು ಎಳೆದು ಎಬ್ಬಿಸುತ್ತಿದ್ದರು.

ಈಚೆ ಸಾಲಿನ ಒಂದು ಮನೆಯಲ್ಲಿ ಒಬ್ಬ ಮೂಲೆಯವಳಿದ್ದಳು. ಲಂಗ ಉಡುವ ವಯಸ್ಸಿನಲ್ಲಿ ಕೂತವಳು, ಈಗ ತಲೆ ನೆರೆತಿತ್ತು. ಬಲಕ್ಕೆ ಕೈ ಚಾಚಿದರೆ ಬೀದಿ ಪಡಸಾಲೆಯ ಕೊನೆ, ಮೂರು ಹಾಸುಗಲ್ಲಿನ ಅಂಚು. ಬೆನ್ನ ಹಿಂದೆ ಕೈ ಚಾಚಿದರೆ ಪಕ್ಕದ ಪಡಸಾಲೆಯ ಕೊನೆ, ಅಲ್ಲೂ ಮೂರು ಹಾಸುಗಲ್ಲಿನ ಅಂಚು. ಅವಳ ಲೋಕ ಅಷ್ಟೇ. ಮಳೆ ಬಂದರೆ ಮಳೆಯಲ್ಲಿ, ಬಿಸಿಲು ಬಂದರೆ ಬಿಸಿಲಿನಲ್ಲಿ, ತೊಡೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಕೈ. ಮುಂದೆ ಬೀದಿ, ಜೋಡಿಗೆರೆ, ಗೆರೆಯ ಆಚೆ ಎದುರು ಮನೆಯ ಮೂಲೆ. ಆ ಮೂಲೆಯಲ್ಲಿ ಎದುರಿನವಳು.

ಇಬ್ಬರೂ ಒಂದೇ ದಿನ ಕೂತವರು. ಇವಳ ಕೂದಲು ನೆರೆತಂತೆ ಅವಳದೂ ನೆರೆಯಿತು. ಇವಳು ಕತ್ತು ಓರೆ ಮಾಡಿದರೆ ಅವಳೂ ಮಾಡುತ್ತಿದ್ದಳು. ಮೊದಲು ಮಾಡಿದ್ದು ಯಾರು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಒಂದು ಮಾತೂ ಆಡಿರಲಿಲ್ಲ. ಜೋಡಿಗೆರೆ ದಾಟಿ ಮಾತು ಹೋಗುತ್ತಿರಲಿಲ್ಲ.

ಮೂಲೆಯವಳಿಗೆ ಪ್ರೀತಿ ಅಂತ ಇದ್ದದ್ದು ಒಂದೇ ಜೀವದ ಮೇಲೆ, ಅಣ್ಣನ ಮಗಳ ಮೇಲೆ. ತಾಯಿಯಿಲ್ಲದ ಕೂಸು. ಅತ್ತೆಯ ತೊಡೆಗಲ್ಲು ಹಿಡಿದುಕೊಂಡೇ ನಿಲ್ಲಲು ಕಲಿತಿತ್ತು. ಅದೇ ಕಲ್ಲಿನ ಮೇಲೆ ಹುಣಸೆಬೀಜ ಹರಡಿ ಅತ್ತೆ ಅದಕ್ಕೆ ಲೆಕ್ಕ ಕಲಿಸಿದ್ದಳು. ಈಗ ಹುಡುಗಿ ದೊಡ್ಡವಳಾಗಿದ್ದಳು. ತನ್ನ ನಂತರ ಈ ಮೂಲೆ ಅವಳಿಗೇ ಎಂದು ಅತ್ತೆಗೆ ಗೊತ್ತಿತ್ತು. ಅದಕ್ಕೇ ಹಟ ಹಿಡಿದು ಬದುಕಿದ್ದಳು. ಜ್ವರ ಬಂದರೆ ಬೈದು ಓಡಿಸುತ್ತಿದ್ದಳು. ತಾನು ಕೂತಿರುವಷ್ಟು ದಿನ ಹುಡುಗಿ ಓಡಾಡಿಕೊಂಡಿರುತ್ತಾಳೆ ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ಎದುರಿನವಳ ಸಾವನ್ನು ಅವಳು ಹಿಡಿದಿರಲಿಲ್ಲ.

ಒಂದು ಮಧ್ಯಾಹ್ನ ಎದುರಿನವಳು ತಲೆ ಬಗ್ಗಿಸಿದಳು. ಮೂಲೆಯವಳೂ ಬಗ್ಗಿಸಿದಳು. ಇವಳು ಎತ್ತಿದಳು, ಅವಳು ಎತ್ತಲಿಲ್ಲ. ಮೂಲೆಯವಳು ಕೆಮ್ಮಿದಳು, ಕೈ ಆಡಿಸಿದಳು, ಕಲ್ಲನ್ನು ಬಡಿದಳು. ಸ್ವಲ್ಪ ಹೊತ್ತಿಗೆ ಎದುರು ಮನೆಯಲ್ಲಿ ಕಂಚಿನ ತಾಟು ಬಡಿದರು. ಈಚೆ ಮನೆಯಲ್ಲೂ ತಾಟು ಬಡಿಯಬೇಕಾಯಿತು. ತನ್ನ ಸಾವಿನ ಸದ್ದನ್ನು ಕಿವಿಯಾರೆ ಕೇಳುತ್ತ ಅವಳು ಕೂತಿದ್ದಳು.

ಮನೆಯ ಹಿರಿಯ ಬಂದು ಹತ್ತಿರ ನಿಂತ. ಅವಳ ಅಣ್ಣ, ಹುಡುಗಿಯ ಅಪ್ಪ. ಕೆಟ್ಟವನಲ್ಲ, ಅಂಜುಬುರುಕ.

"ಎದುರು ಮನ್ಯಾಕಿ ಹೋದ್ಲು," ಎಂದ.

"ಕಂಡೆ."

"ಹಂಗಂದ ಮ್ಯಾಲೆ ನೀನೂ ಹೋದಂಗ."

"ನಾ ಇನ್ನೂ ಉಸರಾಡಾಕತ್ತೀನಿ ಅಣ್ಣಾ. ಬೇಕಾದ್ರ ಮೂಗಿನ ಹತ್ರ ಕೈ ಹಿಡದು ನೋಡು."

"ನಾ ಏನ್ ಮಾಡ್ಲಿ ತಂಗಿ? ಆಚೆ ಹೋದದ್ದು ಈಚೆನೂ ಹೋಗಬೇಕು. ಇದೇನು ನಾ ಮಾಡಿದ ಕಟ್ಟಳಿ ಅಲ್ಲ."

"ಹುಡುಗಿ?"

ಹಿರಿಯ ತನ್ನ ಪಾದ ನೋಡಿಕೊಂಡ. "ನಾಳೆ ಬಿಸಲು ಮೂಲಿಗೆ ಬಿದ್ದ ಕೂಡ್ಲೆ ಎರಡೂ ಕಡೆ ಕೂಡಸ್ತೀವಿ," ಎಂದ. ಅದೇ ಅವನು ಅವಳ ಜೊತೆ ಆಡಿದ ಕೊನೆಯ ಮಾತು. ಹೋದವರ ಜೊತೆ ಮಾತಾಡುವಂತಿರಲಿಲ್ಲ.

ಊರಗೋಡೆ ಬಲು ದಪ್ಪ. ಬಾಗಿಲ ಪಕ್ಕಕ್ಕೆ, ಆ ದಪ್ಪದಲ್ಲೇ ಕೊರೆದ ಒಂದು ಗೂಡಿತ್ತು. ಹೋದವರ ಗೂಡು ಅಂತಲೇ ಅದಕ್ಕೆ ಹೆಸರು. ಊರಿನಿಂದ ಯಾವುದೂ ಹೊರಗೆ ಹೋಗದಿದ್ದ ಮೇಲೆ ಹೋದವರಾದರೂ ಎಲ್ಲಿಗೆ ಹೋಗಬೇಕು? ಇವಳಿಗಿಂತ ಮುಂಚೆ ಕೂತವರೆಲ್ಲ ಅಲ್ಲೇ ಮಣ್ಣಾಗಿದ್ದರು. ಅವರ ತೊಡೆಗಲ್ಲುಗಳನ್ನು ಗೋಡೆಗೆ ಒಟ್ಟಿದ್ದರು. ಮೂಲೆಯವಳನ್ನು ಹೊತ್ತು ತಂದು ಗೂಡಿನ ಬಾಯಲ್ಲಿ ಇಳಿಸಿ, ಅವಳ ಕಲ್ಲನ್ನೂ ಅಲ್ಲಿ ಒಟ್ಟಿ, ಹಿರಿಯ ಹಿಂದೆ ನೋಡದೆ ಹೋದ. ಎದುರು ಮನೆಯ ಗೂಡಿನಲ್ಲೂ ಅದೇ ಹೊತ್ತಿಗೆ ಎದುರಿನವಳನ್ನು ಒಂದು ಚಾಪೆಯ ಮೇಲೆ ಮಲಗಿಸಿ, ಅವಳ ಕಲ್ಲನ್ನೂ ಒಟ್ಟಿದರು.

ಸಂಜೆ ಹುಡುಗಿ ಗಂಜಿ ತಂದಿಟ್ಟಳು. ಅತ್ತೆಗೆ ಬೆನ್ನು ಮಾಡಿ ಕೂತು, ಗೋಡೆಗೆ ಮುಖ ಹಾಕಿ ಮಾತಾಡಿದಳು. ಗೋಡೆಯ ಜೊತೆ ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ.

"ಗೋಡೆವ್ವಾ, ನಮ್ಮತ್ತಿ ಗಂಜಿ ಕುಡದಾಳೇನು?"

"ಕುಡೀತಾಳ," ಎಂದಳು ಅತ್ತೆ.

"ಗೋಡೆವ್ವಾ, ಕಲ್ಲು ಭಾಳ ಭಾರ ಇರತೈತೇನು?"

"ಏನ್ ಭಾರ ಇಲ್ಲ. ಎರಡ ದಿನಕ್ಕ ರೂಢಿ ಆಗತೈತಿ."

ಹುಡುಗಿ ನಂಬಲಿಲ್ಲ. ಹುಡುಗಿ ಹೋದ ಮೇಲೆ ಮೂಲೆಯವಳಿಗೆ ತನ್ನ ನಾಲಗೆಯ ಮೇಲೇ ಹೇಸಿಗೆಯಾಯಿತು. ಎರಡು ದಿನಕ್ಕೆ ಅಲ್ಲ, ಜೀವಮಾನಕ್ಕೂ ಆ ಭಾರ ಅವಳಿಗೆ ರೂಢಿಯಾಗಿರಲಿಲ್ಲ.

ಪಕ್ಕದ ಪಡಸಾಲೆಯ ಈ ತುದಿಗೆ ಗೂಡು, ಆ ತುದಿಗೆ ಖಾಲಿ ಮೂಲೆ. ಇಷ್ಟು ವರ್ಷ ಒಳಗೆ ಕೂತಿದ್ದ ಮೂಲೆಯನ್ನು ಅವಳು ದೂರದಿಂದ ನೋಡಿದ್ದು ಅದೇ ಮೊದಲು. ಇಳಿಬಿಸಿಲು ಅದರ ಮೇಲೆ ಬಿದ್ದಿತ್ತು. ಒಂದು ಬದಿಗೆ ಮೂರು ಕಲ್ಲಿನ ಅಂಚು, ಇನ್ನೊಂದು ಬದಿಗೆ ಮೂರು ಕಲ್ಲಿನ ಅಂಚು. ಅದೂ ಒಂದು ಪುಟ್ಟ ಚೌಕವೇ. ಅದರ ನಡುವೆ ತಾನು ಕೂತು ಕೂತು ಬಿದ್ದ ತಗ್ಗು. ಸುತ್ತ ಎಷ್ಟೊಂದು ಜಾಗ ಹಾಗೇ ಉಳಿದಿತ್ತು! ಅಷ್ಟು ಜಾಗ ತುಂಬಲು ಒಬ್ಬ ಹೆಂಗಸು ಎಲ್ಲಿ ಸಾಲುತ್ತಾಳೆ?

ತಲೆ ಎತ್ತಿದರೆ ಬಾಗಿಲ ಮೇಲಿನ ಅಕ್ಷರ. ಖಾಲಿ ಮೂಲೆಗೆ ಕೂಡಿಸಿರಿ. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಹುಣಸೆಬೀಜ ನೆನಪಾದವು. ಮೂರಕ್ಕೆ ಎರಡು ಕೂಡಿಸು ಎಂದರೆ ಹುಡುಗಿ ಎರಡು ಬೀಜ ತಂದು ಸೇರಿಸುತ್ತಿದ್ದಳೇ ಹೊರತು, ಯಾರನ್ನೂ ತಂದು ಮೂರರ ಪಕ್ಕ ಕೂರಿಸುತ್ತಿರಲಿಲ್ಲ.

ಅವಳಿಗೆ ಮೊದಲು ನಗು ಬಂತು. ಗೂಡಿನೊಳಗೆ ಒಬ್ಬಳೇ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಸಿಟ್ಟು ಬಂತು. ಎಂಥ ಮಂದಿ! ಕಲ್ಲು ಕೂಡಿಸಿರಿ ಎಂದರೆ ಹೆಣ್ಣುಮಕ್ಕಳನ್ನು ಕೂಡಿಸಿದ ಮಂದಿ. ಅದೂ ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ನೆಲಕ್ಕೆ ಇಡುವ ಬದಲು ತೊಡೆಗೆ ಇಟ್ಟ ಮಂದಿ. ಅವಳು ಹಿಂದಕ್ಕೆ ಕೈ ಚಾಚಿ ಒಟ್ಟಿದ ಕಲ್ಲುಗಳನ್ನು ತಡವಿದಳು. ಐದು, ಆರು, ಆಮೇಲಿನದು, ಎಂಟು, ಮೇಲೆ ತನ್ನದು, ಒಂಬತ್ತು. ಮೂರ್ಮೂರ್ಲ ಒಂಬತ್ತು ಎಂದು ತುಟಿ ತಾನಾಗಿ ಹೇಳಿತು. ಅವಳ ತನಕ ಕಲ್ಲು ಸಾಲುತ್ತಿರಲಿಲ್ಲ. ಈಗ ಸರಿಯಾಗಿ ಸಾಲುತ್ತಿತ್ತು.

ಬೆಳಗಾಯಿತು. ಹುಡುಗಿಗೆ ಎಣ್ಣೆ ಹಚ್ಚಿ ಎರೆದರು, ಹೊಸ ಸೀರೆ ಉಡಿಸಿದರು, ಹಣೆಗೆ ಕುಂಕುಮ ಇಟ್ಟರು. ಹಿರಿಯ ಹೊಸ ತೊಡೆಗಲ್ಲನ್ನು ಎದೆಗೆ ಅವುಚಿಕೊಂಡು ಬೀದಿ ಪಡಸಾಲೆಯಲ್ಲಿ ನಿಂತ. ಎದುರು ಮನೆಯ ಹಿರಿಯನೂ ಹಾಗೆಯೇ ನಿಂತ, ಎದುರು ಹುಡುಗಿಯೂ ಹಾಗೆಯೇ ಬಂದಳು. ಬಿಸಿಲು ಇನ್ನೂ ಮೂಲೆಗೆ ಬಿದ್ದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಪಡಸಾಲೆಯಲ್ಲಿ ಕಲ್ಲು ಉಜ್ಜುವ ಸದ್ದು. ಹೋದವಳು ಅಂಡೂರಿ ತೆವಳುತ್ತ ಬರುತ್ತಿದ್ದಳು, ಮುಂದೆ ಒಂದು ಹಾಸುಗಲ್ಲನ್ನು ದೂಡಿಕೊಂಡು. ಕಾಲು ಸ್ವಾಧೀನದಲ್ಲಿರಲಿಲ್ಲ, ಕೈಯಿಂದಲೇ ಬಂದಳು. ಮೂಲೆಯ ಅಂಚಿಗೆ ಬಂದು ಕಲ್ಲನ್ನು ದೂಡಿದಳು. ಕಲ್ಲು ಅಂಚಿನ ಮೇಲೆ ಅರ್ಧ ಆಚೆ ಅರ್ಧ ಈಚೆ ನಿಂತುಬಿಟ್ಟಿತು. ಎದುರು ಕಡೆ ಕಲ್ಲಿರಲಿಲ್ಲವಲ್ಲ.

"ಗೋಡೆ, ಏನಿದು?" ಎಂದ ಹಿರಿಯ. ಹೋದವಳನ್ನು ಮಾತಾಡಿಸುವಂತಿಲ್ಲ, ಪಾಪ, ಅವನೂ ಗೋಡೆಯನ್ನೇ ಕೇಳಬೇಕಾಯಿತು.

"ಕೂಡಸಾಕತ್ತೀನಿ," ಎಂದಳು ಅವಳು.

"ಕೂಡಸೂದು ಮಂದಿನ್ನ!"

"ಮಂದಿನ್ನ ಅಂತ ಎಲ್ಲಿ ಬರದೈತಿ? ತೋರಸು."

ಹಿರಿಯ ಬಾಗಿಲ ಕಡೆ ನೋಡಿದ. ತುಟಿ ಅಲುಗಿಸಿ ಓದಿದ. ಇನ್ನೊಮ್ಮೆ ಓದಿದ. ಬಂದು ತಡೆಯೋಣವೆಂದರೆ ಕೈಯಲ್ಲಿ ಹೊಸ ಕಲ್ಲು. ಅದನ್ನು ಕೆಳಗಿಡೋಣವೆಂದರೆ ಎದುರಿನ ಹಿರಿಯ ಇಡಬೇಕು. ಅವನು ಇವನು ಇಡಲೆಂದು ಕಾಯುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಇಬ್ಬರು ಹಿರಿಯರೂ ಒಬ್ಬರನ್ನೊಬ್ಬರು ನೋಡುತ್ತ, ಬೆವರುತ್ತ, ಹೊತ್ತ ಕಲ್ಲನ್ನು ಹೊತ್ತೇ ನಿಂತರು.

ಮೂಲೆಯವಳು ಅವರನ್ನು ನೋಡಲಿಲ್ಲ. ಜೋಡಿಗೆರೆಯ ಆಚೆ ನಿಂತಿದ್ದ ಎದುರು ಹುಡುಗಿಯನ್ನು ನೋಡಿದಳು. ಕೂಗಿದರೆ ಕೇಳುವುದಿಲ್ಲ. ಬೆರಳಿನಿಂದ ತನ್ನ ಕಲ್ಲನ್ನು ಮುಟ್ಟಿ ತೋರಿಸಿದಳು, ಖಾಲಿ ಮಣ್ಣನ್ನು ಮುಟ್ಟಿ ತೋರಿಸಿದಳು. ಹುಡುಗಿಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದಳು. ಬಿಸಿಲು ಸೂರಿನ ಅಂಚಿನಿಂದ ಕೆಳಗೆ ಇಳಿಯುತ್ತಿತ್ತು. ಆಗ ಎದುರು ಹುಡುಗಿ ಒಮ್ಮೆಲೇ ಸೀರೆ ಎತ್ತಿ ಕಟ್ಟಿ ಒಳಗೆ ಓಡಿದಳು. ತನ್ನ ಹೋದವರ ಗೂಡಿನಿಂದ ಒಂದು ಕಲ್ಲು ಎಳೆದು ತಂದು ಅಂಚಿನಿಂದ ದೂಡಿದಳು. ಎರಡೂ ಕಡೆಯ ಕಲ್ಲು ಒಟ್ಟಿಗೆ ದಡ್ ಎಂದು ಮಣ್ಣಿಗೆ ಬಿದ್ದವು.

ಆಮೇಲೆ ಹೇಳುವುದೇನಿದೆ, ಹುಡುಗಿಯರಿಗೆ ಕೆಲಸ ಹಿಡಿಯಿತು. ಇಲ್ಲೊಬ್ಬಳು ಎಳೆದರೆ ಅಲ್ಲೊಬ್ಬಳು, ಇಲ್ಲೊಬ್ಬಳು ದೂಡಿದರೆ ಅಲ್ಲೊಬ್ಬಳು. ಮೂಲೆಯವಳು ಕೂತಲ್ಲೇ ಕಲ್ಲು ಕೂರಿಸಿ ಸಂದು ನೋಡಿ ಸರಿಪಡಿಸಿದಳು. ಆಚೆ ಅದನ್ನೂ ಎದುರು ಹುಡುಗಿಯೇ ಮಾಡಿಕೊಂಡಳು. ಒಂದೊಂದು ಕಲ್ಲು ಕೂತಾಗಲೂ ಅದರ ಮೇಲೆ ತೊಡೆಯ ಬೆವರಿನ ಕಲೆ ಕಾಣಿಸುತ್ತಿತ್ತು. ಕೊನೆಗೆ ಬಂದದ್ದು ಮೂಲೆಯವಳ ಸ್ವಂತ ಕಲ್ಲು. ಅವಳು ಅದನ್ನು ಮಗುಚಿ, ನುಣ್ಣಗಾದ ಮೈ ಕೆಳಗೆ ಹಾಕಿ ಇಟ್ಟಳು.

ಬಿಸಿಲು ಮೂಲೆಗೆ ಬಿತ್ತು. ಅಲ್ಲಿ ಕೂಡಿಸಲು ಜಾಗವೇ ಇರಲಿಲ್ಲ. ಇಡೀ ಮನೆ ಒಮ್ಮೆ ಮೈಮುರಿದ ಹಾಗೆ ಸದ್ದಾಯಿತು, ನೆಲದ ಸಗಣಿ ಬಿರಿದು ಕಲ್ಲಿನ ಸಂದುಗಳೆಲ್ಲ ತೋರಿದವು. ಹಿಂದೆ ಬಾಗಿಲಿನಿಂದ ಧೂಳು ಉದುರಿತು.

"ಅಳತಿ ಮಾಡು ಮಗಳ," ಎಂದಳು ಅತ್ತೆ. "ಈ ತುದಿಯಿಂದ ಆ ತುದೀಗೆ ಎಷ್ಟು ಕಲ್ಲು ಅದಾವು ಎಣಸು."

"ಎಣಸಬ್ಯಾಡ!" ಎಂದು ಹಿರಿಯ ಚೀರಿದ. "ಮನಿಮೂಲ ತಗೀಬಾರದು!"

ಹುಡುಗಿ ಒಂದೊಂದು ಕಲ್ಲಿನ ಮೇಲೆ ಒಂದೊಂದು ಹೆಜ್ಜೆ ಇಡುತ್ತ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಕೊನೆಯ ಕಲ್ಲಿನ ಮೇಲೆ ನಿಂತು ಬಾಯಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಆ ಶಬ್ದ ಅವಳ ನಾಲಗೆಗೆ ಬಂದಿರಲಿಲ್ಲ. ಅತ್ತೆಯನ್ನು ನೋಡಿದಳು. ಅತ್ತೆ ನೆಲದ ಮೇಲೆ ಕೂತೇ ಇದ್ದಳು.

"ಏಳು!" ಎಂದಳು ಹುಡುಗಿ. "ಏಳು, ಅತ್ತೀ!"

ಎಣಿಸಿದಳೋ, ಎಬ್ಬಿಸಿದಳೋ ಯಾರು ಹೇಳಬೇಕು? ಮೂಲೆಯವಳು ಗೋಡೆ ಹಿಡಿದು ಎದ್ದಳು. ಎದುರು ಹುಡುಗಿಯೂ ಅದನ್ನೇ ಕೂಗಿದ್ದಳು. ಆ ಮಾತು ಬೀದಿಯ ಎರಡೂ ಸಾಲಿನಲ್ಲಿ ಹರಿದುಹೋಯಿತು. ಮನೆಮನೆಯ ಮೂಲೆಗಳಲ್ಲಿ ಹೆಂಗಸರು ತಲೆ ಎತ್ತಿದರು, ತೊಡೆಯ ಮೇಲಿನ ಕಲ್ಲಿಗೆ ಕೈ ಹಾಕಿದರು.

ಬಾಗಿಲು ಬೆರಳಗಲ ಸರಿಯಿತು. ಅಲ್ಲಿಗೇ ನಿಂತಿತು.

"ತಪ್ಪಾತು," ಎಂದ ಹಿರಿಯ. "ನಾ ಹೇಳ್ಳಿಲ್ಲೇನು? ಎಲ್ಲಾರ್ನೂ ತಿಂದ್ರಿ."

ಮೂಲೆಯವಳು ಬಾಗಿಲ ತನಕ ಗೋಡೆ ಹಿಡಿದು ಹೆಜ್ಜೆ ಹಾಕುತ್ತ ಯೋಚಿಸಿದಳು. ಏಳು ಎಂದರೆ ಇಡೀ ಚೌಕದ ಬದಿ. ಅದರಲ್ಲಿ ಪಡಸಾಲೆಯ ಅಗಲವೂ ಬಂತು. ಪಡಸಾಲೆ ಆಮೇಲೆ ಹಚ್ಚಿದ್ದು.

"ಮೂಲ ನಡುಮನಿದು," ಎಂದಳು. "ಹಚ್ಚಿದ್ದು ತಗದು ಹೇಳು. ಮೂರು ಕಳಿ."

"ನಾಲ್ಕು," ಎಂದಳು ಹುಡುಗಿ, ಎದುರು ಹುಡುಗಿಗೂ ಕಾಣುವಂತೆ ನಾಲ್ಕು ಬೆರಳು ಎತ್ತಿ ಹಿಡಿದು.

ಬಾಗಿಲು ತೆರೆಯಿತು. ಹೊರಗೆ ಬಯಲು. ದೂರಕ್ಕೆ ಏನೂ ಇರಲಿಲ್ಲ, ಹುಲ್ಲು, ಗಾಳಿ. ನೆಟ್ಟಗೆ ಹಿಂದೆ ತಿರುಗಿದರೆ ಪಡಸಾಲೆ, ಬೀದಿ, ಎದುರು ಪಡಸಾಲೆ ದಾಟಿ ಅತ್ತ ಕಡೆಯ ಬಾಗಿಲೂ ತೆರೆದಿರುವುದು ಕಾಣುತ್ತಿತ್ತು, ಅದರಾಚೆ ಅಲ್ಲೂ ಬಯಲು.

"ಹೋಗು," ಎಂದಳು ಅತ್ತೆ.

ಎರಡು ಕಡೆಯ ಹುಡುಗಿಯರು ಒಂದೇ ಸಲ ಹೊಸ್ತಿಲು ದಾಟಿದರು. ಹಿರಿಯರಿಬ್ಬರೂ ತಮ್ಮ ತಮ್ಮ ಬಾಗಿಲಿಗೆ ಬಂದು, ನೀ ಮೊದಲು ಹೋಗು, ನೀ ಮೊದಲು ಹೋಗು ಎಂದು ದೂರದಿಂದಲೇ ಕಣ್ಸನ್ನೆ ಮಾಡುತ್ತ ನಿಂತರು. ಇಂದಿಗೂ ನಿಂತಿದ್ದಾರೆಂದು ಕೇಳಿದ್ದೇನೆ.

ಮೂಲೆಯವಳು ದಾಟಲು ಕಾಲೆತ್ತಿದಳು. ಕಾಲು ಹೊಸ್ತಿಲ ಮೇಲೆ ಹಾಗೇ ನಿಂತಿತು, ಮುಂದೆ ಹೋಗಲಿಲ್ಲ. ಅವಳು ಮೈಯೆಲ್ಲ ಭಾರ ಹಾಕಿ ನೂಕಿದಳು. ಗಾಳಿ ಅವಳ ಮುಖಕ್ಕೆ ಬಡಿಯುತ್ತಿತ್ತು, ಹುಲ್ಲಿನ ವಾಸನೆ ಬರುತ್ತಿತ್ತು, ಕಾಲು ಮಾತ್ರ ಇಳಿಯಲಿಲ್ಲ. ಅವಳು ಹಿಂದೆ ತಿರುಗಿ ಎದುರು ಬಾಗಿಲನ್ನು ನೋಡಿದಳು. ಅಲ್ಲಿ ಯಾರೂ ಕಾಲೆತ್ತಿರಲಿಲ್ಲ. ಅವಳ ಜೊತೆಯವಳು ಗೂಡಿನಲ್ಲಿ ಚಾಪೆಯ ಮೇಲೆ ಮಲಗಿದ್ದಳು.

"ಬಾ ಅತ್ತಿ," ಎಂದಳು ಹುಡುಗಿ ಹೊರಗಿನಿಂದ.

"ನನ್ನ ಜೋಡಿ ಸತ್ತೈತಿ. ನಾ ದಾಟಾಕ ಆಗೂದಿಲ್ಲ. ನೀ ಹೋಗು ಮಗಳ, ಹಿಂದ ನೋಡಬ್ಯಾಡ."

ಹುಡುಗಿ ಹಿಂದೆ ನೋಡಿದಳು. ಅತ್ತೆಯ ಎತ್ತಿದ ಕಾಲನ್ನು ನೋಡಿದಳು. ಆಮೇಲೆ ದೂರದ ಬಾಗಿಲಾಚೆ ನಿಂತಿದ್ದ ಎದುರು ಹುಡುಗಿಯನ್ನು ನೋಡಿದಳು. ಎಷ್ಟು ಹೊತ್ತು ನೋಡಿದರೋ. ಮತ್ತೆ ಇಬ್ಬರೂ ಒಂದೇ ಸಲ ಹೊಸ್ತಿಲು ದಾಟಿ ಒಳಗೆ ಬಂದರು.

"ಬರಬ್ಯಾಡ!" ಎಂದು ಮೂಲೆಯವಳು ಬಾಯಿ ಬಿಟ್ಟಳು. "ಹುಚ್ಚಿ, ಹೊಳ್ಳಿ ಬಂದ್ಯಾ? ಬಾಗಲಾ ಮುಚ್ಚಿದ್ರ?" ಎಷ್ಟು ಕಷ್ಟಪಟ್ಟು ದಾಟಿಸಿದ ಕೂಸು.

ಹುಡುಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ಕಾದಳು. ಅಲ್ಲಿ ಎದುರು ಹುಡುಗಿ ಗೂಡಿಗೆ ಹೋಗಿ ಚಾಪೆಯ ಎರಡು ಮೂಲೆ ಹಿಡಿದುಕೊಂಡಳು, ಎಳೆದಳು. ಇಲ್ಲಿ ಮೂಲೆಯವಳ ಕಾಲು ಒಂದು ಬೆರಳು ಮುಂದೆ ಬಂತು. ಎದುರು ಹುಡುಗಿ ಉಸಿರು ತೆಗೆದುಕೊಳ್ಳಲು ನಿಂತಳು, ಇವಳೂ ನಿಂತಳು. ಮತ್ತೆ ಎಳೆದಳು. ಜೀವವಿದ್ದವಳ ಹೆಜ್ಜೆ ಜೀವವಿಲ್ಲದವಳು ಜರುಗಿದಷ್ಟೇ ಜರುಗಿತು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಒಂದೇ ಮೂಲಕ್ಕೆ ಎರಡು ಉತ್ತರ, ಒಂದು ನಡೆದು ಹೋಗುವುದು, ಇನ್ನೊಂದು ಎಳೆಸಿಕೊಂಡು ಹೋಗುವುದು ಎಂದು ಅವಳಿಗೆ ಅನ್ನಿಸಿತು. ತಾನು ಯಾವುದಾಗಿದ್ದರೂ ಆಗಬಹುದಿತ್ತು. ಚಾಪೆ ಆ ಹೊಸ್ತಿಲಿಗೆ ತಾಗಿ ಸಿಕ್ಕಿಕೊಂಡಿತು. ಎದುರು ಹುಡುಗಿ ಬಗ್ಗಿ, ಎದುರಿನವಳ ಕಂಕುಳಿಗೆ ತನ್ನ ಕೈ ಹಾಕಿ ಎತ್ತಿದಳು. ಮೂಲೆಯವಳಿಗೆ ಕಂಕುಳಲ್ಲಿ ಯಾರೋ ಹಿಡಿದ ಹಾಗಾಯಿತು. ಅವಳು ಹೊರಗೆ ಬಿದ್ದಳು.

ಮಣ್ಣು ತಣ್ಣಗಿತ್ತು. ಹುಡುಗಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ಹೋಗೋಣ ಎಂದಳು. ಮೂಲೆಯವಳು ಬಯಲಿನ ಕಡೆ ಹೋಗಲಿಲ್ಲ. ಊರಗೋಡೆಯ ಬುಡ ಹಿಡಿದು ಸುತ್ತು ಹಾಕತೊಡಗಿದಳು.

"ಎಲ್ಲಿಗೆ ಅತ್ತಿ?"

"ಆಕಿ ಹತ್ರ."

ನಡೆಯುವುದು ಮರೆತಿದ್ದ ಕಾಲು. ಹುಡುಗಿಯ ಹೆಗಲ ಮೇಲೆ ಭಾರ ಹಾಕಿ, ನಿಂತು, ಕೂತು, ನಡೆದಳು. ನಡೆಯುವಾಗಲೆಲ್ಲ ಗೋಡೆಯ ತಿರುವಿನಲ್ಲಿ ಎದುರಿನಿಂದ ಇನ್ನಿಬ್ಬರು ಹೀಗೆಯೇ ಬಂದಾರೆಂದು ಕಣ್ಣು ಹುಡುಕುತ್ತಿತ್ತು. ಯಾರೂ ಬರಲಿಲ್ಲ. ಎದುರು ಹುಡುಗಿ ಆ ಬಾಗಿಲ ಹೊರಗೆ ಹುಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಎದುರಿನವಳು.

ಮೂಲೆಯವಳು ಹತ್ತಿರ ಕೂತು ಆ ಮುಖ ನೋಡಿದಳು. ದೂರದಿಂದ ತನ್ನ ಮುಖದ ಹಾಗೆಯೇ ಕಾಣುತ್ತಿದ್ದದ್ದು, ಹತ್ತಿರದಿಂದ ಬೇರೆಯೇ ಆಗಿತ್ತು. ಗಲ್ಲದ ಮೇಲೆ ಒಂದು ಮಚ್ಚೆ ಇತ್ತು. ಹುಬ್ಬು ಕೂಡಿದ್ದವು. ಅವಳು ಮುಂಗೈಯಿಂದ ಆ ಕೆನ್ನೆ ಮುಟ್ಟಿದಳು.

"ಈಕಿ ಹೆಸರೇನವ್ವಾ?" ಎಂದು ಎದುರು ಹುಡುಗಿಯನ್ನು ಕೇಳಿದಳು.

ಹುಡುಗಿ ನೆನಪು ಮಾಡಿಕೊಳ್ಳಲು ನೋಡಿದಳು. "ಗೊತ್ತಿಲ್ಲರಿ," ಎಂದಳು. "ನಾವು ಮೂಲ್ಯಾಕಿ ಅಂತಿದ್ವಿ."

ಮೂಲೆಯವಳು ಅಳತೊಡಗಿದಳು. ಹುಡುಗಿಯರಿಬ್ಬರೂ ಅವಳ ಆಚೆ ಈಚೆ ಕೂತು ಹುಲ್ಲು ಕೀಳುತ್ತಿದ್ದರು, ಅವರಿಗೆ ಅಳು ಬಂದಿರಲಿಲ್ಲ. ಅವಳು ಒಮ್ಮೆ ಅಳು ತಡೆದು, ಇನ್ನೊಂದು ಕಡೆಯಿಂದ ಯಾರಾದರೂ ಅಳುತ್ತಿದ್ದಾರೆಯೇ ಎಂದು ಕಿವಿಗೊಟ್ಟಳು. ಯಾರೂ ಅಳುತ್ತಿರಲಿಲ್ಲ. ಮತ್ತೆ ಅತ್ತಳು, ತನ್ನಷ್ಟಕ್ಕೆ, ಸಾಕಾಗುವವರೆಗೆ.